ಯಾವ ಸ್ಕ್ರೀನ್ ಯಾವಾಗ ಹುಟ್ಟಬೇಕು: ಡೈನಾಮಿಕ್ ಲೋಡಿಂಗ್ ಗೋಜಲಿನ ಹಿನ್ನೆಲೆ

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ವೈವಾ ಬಂತೆಂದರೆ ಒಂದು ಪ್ರಶ್ನೆ ಎಲ್ಲಾದರೂ ಕೇಳಿಬರುತ್ತದೆ: ಸ್ಕ್ರೀನ್‌ಗಳನ್ನೆಲ್ಲ ಶುರುವಿನಲ್ಲೇ ಯಾಕೆ ಲೋಡ್ ಮಾಡಿದಿರಿ? ಬೇಕಾದಾಗ ಮಾತ್ರ ಲೋಡ್ ಮಾಡಿಕೊಂಡ ಹುಡುಗರಿಗೆ ಬೇರೆ ಪ್ರಶ್ನೆ: ಇಷ್ಟು ಸಣ್ಣ ಆ್ಯಪ್‌ಗೆ ಇಷ್ಟೊಂದು ಸಿಕ್ಕು ಯಾಕೆ? ಇಬ್ಬರು ಪರೀಕ್ಷಕರ ಮಾತಿನಲ್ಲೂ ಹುರುಳಿದೆ. ಇಬ್ಬರೂ ಬೇರೆ ಬೇರೆ ಕಾಲದ ಪಾಠ ಹೇಳುತ್ತಿದ್ದಾರೆ, ಅಷ್ಟೆ.

ಯೂಸರ್ ಇಂಟರ್ಫೇಸ್‌ನ ಭಾಗಗಳನ್ನು ಪ್ರೋಗ್ರಾಂ ನಡೆಯುತ್ತಿರುವಾಗಲೇ ತರಿಸಿಕೊಳ್ಳುವ ವಿಷಯದಲ್ಲಿ ಮೂರು ಬೇರೆ ಬೇರೆ ಅಗತ್ಯಗಳು ಒಂದಕ್ಕೊಂದು ಬೆರೆತುಹೋಗಿವೆ. ಮೆಮೊರಿ ಉಳಿಸಲು, ಬೇಗ ಶುರುವಾಗಲು ಒಂದು ಸ್ಕ್ರೀನನ್ನು ತಡವಾಗಿ ಸೃಷ್ಟಿಸುವುದು ಒಂದು. ಕೋಡನ್ನೇ ನೆಟ್‌ವರ್ಕಿನಲ್ಲಿ ತಡವಾಗಿ ತರಿಸುವುದು ಇನ್ನೊಂದು. ಯಾವ ಕಾಂಪೊನೆಂಟ್ (ಇಂಟರ್ಫೇಸಿನ ಬಿಡಿಭಾಗ) ಬರಬೇಕೆಂಬುದನ್ನು ಡೇಟಾ ನೋಡಿದ ಮೇಲೆ ತೀರ್ಮಾನಿಸುವುದು ಮೂರನೆಯದು. ಇವು ಬೇರೆ ಬೇರೆ ಕಡೆ ಹುಟ್ಟಿ, ಬೇರೆ ಬೇರೆ ಪರಿಹಾರ ಕಂಡುಕೊಂಡು, ಕೊನೆಗೆ ಡೈನಾಮಿಕ್ ಲೋಡಿಂಗ್ ಎಂಬ ಒಂದೇ ಹೆಸರಿನಡಿ ಸಿಲಬಸ್ಸಿಗೆ ಬಂದವು.

ಹಳೆಯ ರೀತಿಯ ಪ್ರೋಗ್ರಾಮಿಂಗ್‌ನಲ್ಲಿ ಈ ತಲೆನೋವು ಇಷ್ಟು ಇರಲಿಲ್ಲ. ಬಟನ್ ಒತ್ತಿದರೆ ಡೈಲಾಗ್ ಸೃಷ್ಟಿಸು, ತೋರಿಸು, ಮುಚ್ಚಿದಾಗ ಅಳಿಸು ಎಂದು ಸಾಲಾಗಿ ಬರೆಯುತ್ತಿದ್ದರು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಸಾಲುಗಳ ಕ್ರಮದಲ್ಲೇ ಕಾಣುತ್ತಿತ್ತು. 2006ರಲ್ಲಿ ಡಬ್ಲ್ಯುಪಿಎಫ್, 2010ರಲ್ಲಿ ಕ್ಯೂಎಂಎಲ್, 2013ರಲ್ಲಿ ರಿಯಾಕ್ಟ್, 2019ರಲ್ಲಿ ಸ್ವಿಫ್ಟ್‌ಯುಐ, 2021ರಲ್ಲಿ ಜೆಟ್‌ಪ್ಯಾಕ್ ಕಂಪೋಸ್ ಎಂದು ಸ್ಕ್ರೀನ್ ಕಟ್ಟುವ ಸಲಕರಣೆಗಳು ಒಂದೊಂದಾಗಿ ಬಂದು ಡಿಕ್ಲರೇಟಿವ್ ಪದ್ಧತಿ ಬೆಳೆದಂತೆ, ‘ಏನಿರಬೇಕು’ ಎಂದಷ್ಟೇ ಬರೆದರೆ ಸಾಕು, ‘ಹೇಗೆ’ ಎಂಬುದನ್ನು ಫ್ರೇಮ್‌ವರ್ಕ್ ನೋಡಿಕೊಳ್ಳುತ್ತದೆ ಎಂಬ ಭರವಸೆ ಬಂತು. ಭರವಸೆ ಸುಳ್ಳಲ್ಲ. ಆದರೆ ‘ಯಾವಾಗ’ ಎಂಬುದಕ್ಕೆ ಅದರಲ್ಲಿ ಸರಿಯಾದ ಜಾಗ ಇಟ್ಟಿರಲಿಲ್ಲ.

ಇದು ಜೋರಾಗಿ ಕಾಡಿದ್ದು ಕ್ಯೂಟಿ ಬಳಗದಲ್ಲಿ. ಕ್ಯೂಟಿ ಎಂದರೆ ಸಿ++ ಭಾಷೆಯಲ್ಲಿ ಆ್ಯಪ್ ಕಟ್ಟುವ ಸಲಕರಣೆ, ಅದರಲ್ಲಿ ಸ್ಕ್ರೀನ್ ಬರೆಯುವ ಭಾಷೆ ಕ್ಯೂಎಂಎಲ್. ಕ್ಯೂಎಂಎಲ್ ಬಂದಿದ್ದು ಕ್ಯೂಟಿ 4.7ರ ಜೊತೆಗೆ, ಕ್ಯೂಟಿ ಆಗ ನೋಕಿಯಾ ಕೈಯಲ್ಲಿತ್ತು. ಫೋನಿಗೆಂದು ಹುಟ್ಟಿದ್ದು ಇದು. 2011ರ ಫೆಬ್ರುವರಿಯಲ್ಲಿ ನೋಕಿಯಾ ವಿಂಡೋಸ್ ಫೋನಿನತ್ತ ಹೊರಳಿತು, ಮುಂದಿನ ವರ್ಷ ಕ್ಯೂಟಿ ಡಿಜಿಯಾ ಕಂಪನಿಯ ಪಾಲಾಯಿತು. ಆಮೇಲೆ ಕ್ಯೂಎಂಎಲ್ ಹೆಚ್ಚಾಗಿ ನೆಲೆ ಕಂಡಿದ್ದು ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ವೈದ್ಯಕೀಯ ಉಪಕರಣಗಳಲ್ಲಿ, ಕಾರ್ಖಾನೆಯ ಟಚ್ ಪ್ಯಾನೆಲ್‌ಗಳಲ್ಲಿ. ಎಲ್ಲ ಕಡೆಯೂ ಪ್ರೊಸೆಸರ್ ಸಣ್ಣದು, ರ‍್ಯಾಮ್ ಕಡಿಮೆ.

ಹರಿಹರದ ಒಂದು ಕಾರ್ಖಾನೆಗೆ ಪಿ.ಬಿ. ರಸ್ತೆಯ ಸಣ್ಣ ಕಚೇರಿಯೊಂದು ಮಾಡಿಕೊಟ್ಟ ಪ್ಯಾನೆಲನ್ನು ಹತ್ತಿರದಿಂದ ನೋಡಿದ್ದೇನೆ. ಮುಖ್ಯ ಸ್ಕ್ರೀನ್, ಅಲಾರಂ, ರೆಸಿಪಿ (ಯಂತ್ರಕ್ಕೆ ಕೊಡುವ ಅಂಕಿಗಳ ಪಟ್ಟಿ), ಗ್ರಾಫ್, ಸೆಟ್ಟಿಂಗ್ಸ್, ಇಷ್ಟೇ. ಮೊದಲ ಆವೃತ್ತಿಯಲ್ಲಿ ಐದೂ ಸ್ಕ್ರೀನ್‌ಗಳು ಒಂದರ ಮೇಲೊಂದು ಕೂತಿದ್ದವು. ಬೇಡದ್ದಕ್ಕೆ ‘ವಿಸಿಬಲ್’ ಎಂಬುದನ್ನು ಫಾಲ್ಸ್ ಮಾಡಿದ್ದರು. ಕಣ್ಣಿಗೆ ಕಾಣದಿದ್ದರೆ ಕೆಲಸವೂ ನಿಂತಿತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಕ್ಯೂಎಂಎಲ್‌ನಲ್ಲಿ ಹಾಗಿಲ್ಲ. ಮರೆಯಲ್ಲಿರುವ ಸ್ಕ್ರೀನಿನ ಬೈಂಡಿಂಗ್‌ಗಳು (ಒಂದು ಬೆಲೆ ಬದಲಾದರೆ ಇನ್ನೊಂದನ್ನು ತಾನಾಗಿ ಬದಲಿಸುವ ನಂಟುಗಳು) ಲೆಕ್ಕ ಹಾಕುತ್ತಲೇ ಇರುತ್ತವೆ, ಟೈಮರ್‌ಗಳು ಓಡುತ್ತಲೇ ಇರುತ್ತವೆ. ಸೆನ್ಸರ್‌ನಿಂದ ಒಂದು ಉಷ್ಣಾಂಶ ಬಂದರೆ ಯಾರೂ ನೋಡದ ಗ್ರಾಫೂ ಅದಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡುವಾಗ ಇದು ಯಾರ ಗಮನಕ್ಕೂ ಬರಲಿಲ್ಲ. ಬೋರ್ಡಿನ ಮೇಲೆ ಹಾಕಿದಾಗ ಬೆರಳಿಟ್ಟರೂ ಬಟನ್ ತಡವಾಗಿ ಅಲುಗುತ್ತಿತ್ತು.

ಇದಕ್ಕೆ ಕ್ಯೂಎಂಎಲ್‌ನಲ್ಲೇ ಇದ್ದ ಮದ್ದು ಲೋಡರ್. ಅದಕ್ಕೆ ಒಂದು ಫೈಲಿನ ವಿಳಾಸವನ್ನೋ ಒಂದು ಕಾಂಪೊನೆಂಟನ್ನೋ ಕೊಟ್ಟರೆ, ಆ ಭಾಗವನ್ನು ಸೃಷ್ಟಿಸಿ ತನ್ನೊಳಗೆ ಕೂರಿಸಿಕೊಳ್ಳುತ್ತದೆ. ವಿಳಾಸ ಬದಲಾಯಿಸಿದರೆ ಹಳೆಯದನ್ನು ಅಳಿಸಿ ಹೊಸದನ್ನು ತರುತ್ತದೆ. ‘ಆಕ್ಟಿವ್’ ಎಂಬುದನ್ನು ಫಾಲ್ಸ್ ಮಾಡಿದರೆ ಒಳಗಿದ್ದದ್ದು ನಿಜವಾಗಿಯೂ ಇಲ್ಲವಾಗುತ್ತದೆ. ಇಲ್ಲಿ ಕಾಂಪೊನೆಂಟ್ ಮತ್ತು ಅದರಿಂದ ಹುಟ್ಟುವ ವಸ್ತು ಬೇರೆ ಬೇರೆ ಎಂಬುದು ಮುಖ್ಯ. ನಮ್ಮೂರ ಬೆಣ್ಣೆ ದೋಸೆ ಹೋಟೆಲಿನಲ್ಲಿ ಗಿರಾಕಿ ಕೂತ ಮೇಲೆ ಹಿಟ್ಟು ರುಬ್ಬುವುದಿಲ್ಲ, ಹಾಗಂತ ಬೆಳಿಗ್ಗೆಯೇ ದೋಸೆ ಹುಯ್ದೂ ಇಡುವುದಿಲ್ಲ. ಕಾಂಪೊನೆಂಟ್ ಎಂದರೆ ಸಿದ್ಧವಾಗಿರುವ ಹಿಟ್ಟು.

ಲೋಡರ್ ಹಾಕಿದ ಮೇಲೆ ಪ್ಯಾನೆಲ್ ಬೇಗ ಶುರುವಾಯಿತು. ಆದರೆ ಅಲಾರಂ ಸ್ಕ್ರೀನ್ ಒತ್ತಿದಾಗಲೆಲ್ಲ ಒಂದು ಎಳೆತ. ಸೃಷ್ಟಿಯ ಕೆಲಸವೆಲ್ಲ ಆ ಕ್ಷಣಕ್ಕೇ ಬೀಳುತ್ತಿತ್ತು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಆಗ ‘ಅಸಿಂಕ್ರೊನಸ್’ ಆಯ್ಕೆ ಹಾಕಿದರು. ಫ್ರೇಮ್‌ಗಳ ನಡುವೆ ಸಿಗುವ ಬಿಡುವಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಸೃಷ್ಟಿ ನಡೆಯುತ್ತದೆ, ಎಳೆತ ಹೋಗುತ್ತದೆ. ಅದರ ಬದಲಿಗೆ ಬಂದಿದ್ದು, ಒಳಗಿನ ವಸ್ತು ಇನ್ನೂ ಹುಟ್ಟಿಲ್ಲದ ಒಂದು ನಡುಗಾಲ. ಆ ಹೊತ್ತಿನಲ್ಲಿ ಯಾವುದೋ ಬೈಂಡಿಂಗ್ ಅದರ ಗುಣವನ್ನು ಓದಲು ಹೋದರೆ ‘ನಲ್‌ನಿಂದ ಓದಲಾಗದು’ (ನಲ್ ಎಂದರೆ ಏನೂ ಇಲ್ಲ) ಎಂಬ ಟೈಪ್ ಎರರ್ ಲಾಗ್ ತುಂಬಾ. ಲೋಡರ್‌ಗೆ ನಲ್, ರೆಡಿ, ಲೋಡಿಂಗ್, ಎರರ್ ಎಂಬ ನಾಲ್ಕು ಸ್ಥಿತಿಗಳಿವೆ. ಹೆಚ್ಚಿನವರು ರೆಡಿಗೆ ಮಾತ್ರ ಕೋಡ್ ಬರೆದು ಮುಗಿಸುತ್ತಾರೆ. ಉಳಿದ ಮೂರನ್ನು ಬರೆಯದೇ ಬಿಡುವ ಅಭ್ಯಾಸವೇ ಈ ಇಡೀ ಚರಿತ್ರೆಯ ಅರ್ಧ ಎಂದು ನನಗನ್ನಿಸುತ್ತದೆ.

ಎರಡನೆಯ ದಾರಿ ಜಾವಾಸ್ಕ್ರಿಪ್ಟಿನದು: ಕ್ರಿಯೇಟ್‌ಕಾಂಪೊನೆಂಟ್ ಕರೆದು ಹಿಟ್ಟು ಸಿದ್ಧಮಾಡಿ, ಆಮೇಲೆ ಕ್ರಿಯೇಟ್‌ಆಬ್ಜೆಕ್ಟ್ ಕರೆದು ದೋಸೆ ಹುಯ್ಯುವುದು. ಸಿ++ ಕಡೆಯಿಂದ ಬಂದವರಿಗೆ ಇದು ಹಿಡಿಸುತ್ತದೆ, ಕೈಯಲ್ಲಿ ಹಿಡಿತವಿದ್ದ ಹಾಗೆ ಕಾಣುತ್ತದೆ. ಆ ಪ್ಯಾನೆಲಿನಲ್ಲಿ ಅಲಾರಂ ಬಂದಾಗಲೆಲ್ಲ ಒಂದು ಪಾಪ್‌ಅಪ್ ಹೀಗೆ ಹುಟ್ಟುತ್ತಿತ್ತು. ಆಪರೇಟರ್ ‘ಓಕೆ’ ಒತ್ತಿದರೆ ಅದು ಮರೆಯಾಗುತ್ತಿತ್ತು, ಡಿಸ್ಟ್ರಾಯ್ ಆಗುತ್ತಿರಲಿಲ್ಲ, ಅಂದರೆ ಮೆಮೊರಿಯಿಂದ ಅಳಿಯುತ್ತಿರಲಿಲ್ಲ. ದಿನಗಳು ಕಳೆದಂತೆ ರ‍್ಯಾಮ್ ತುಂಬಿ, ರಾತ್ರಿ ಪಾಳಿಯವರು ಪ್ಯಾನೆಲ್ ಆಫ್ ಮಾಡಿ ಆನ್ ಮಾಡುವುದನ್ನೇ ರೂಢಿ ಮಾಡಿಕೊಂಡಿದ್ದರು. ಪೇರೆಂಟ್ (ವಸ್ತು ಯಾವುದರೊಳಗೆ ಕೂರಬೇಕೆಂಬುದು) ಕೊಡುವುದನ್ನು ಮರೆತರೆ ಇದಕ್ಕೆ ತದ್ವಿರುದ್ಧ: ವಸ್ತು ಹುಟ್ಟುತ್ತದೆ, ಸ್ಕ್ರೀನಿನ ಮೇಲೆ ಮಾತ್ರ ಬರುವುದೇ ಇಲ್ಲ. ಲೋಡ್ ಆದ ಮೇಲೆ ಜಾವಾಸ್ಕ್ರಿಪ್ಟಿನಲ್ಲಿ ಅಗಲಕ್ಕೆ ಒಂದು ಬೆಲೆ ಹಾಕಿದರೆ ಆ ಕ್ಷಣದ ಸಂಖ್ಯೆ ನಕಲಾಗುತ್ತದೆಯೇ ಹೊರತು ಬೈಂಡಿಂಗ್ ಆಗುವುದಿಲ್ಲ. ವಿಂಡೋ ದೊಡ್ಡದಾದರೂ ಒಳಗಿನದು ಇದ್ದಷ್ಟೇ ಇರುತ್ತದೆ. ಅದಕ್ಕೆಂದೇ ಕ್ಯೂಟಿ 5ರಲ್ಲಿ ‘ಕ್ಯೂಟಿ ಡಾಟ್ ಬೈಂಡಿಂಗ್’ ಎಂಬ ಹೊಸ ಸೌಲಭ್ಯ ಕೊಡಬೇಕಾಯಿತು. ಸ್ಕ್ರೀನಿನ ಭಾಗಗಳ ಈ ಡಿಕ್ಲರೇಟಿವ್ ಮರದೊಳಗೆ ಕೈಯಾರೆ ತಂದು ಸೇರಿಸಿದ ಕೊಂಬೆಗೆ ಮರದ ನಿಯಮಗಳು ತಾವಾಗಿ ಅನ್ವಯಿಸುವುದಿಲ್ಲ.

ವೆಬ್ಬಿನಲ್ಲಿ ಕಥೆ ಶುರುವಾದದ್ದು ಮೆಮೊರಿಯಿಂದಲ್ಲ, ಫೈಲಿನ ಗಾತ್ರದಿಂದ. ಜಗಳೂರಿನ ರೈತ ಮೆಕ್ಕೆಜೋಳದ ದರ ನೋಡಲು ಪುಟ ತೆರೆದರೆ, ಅವರು ಎಂದೂ ಒತ್ತದ ಅಡ್ಮಿನ್ ಪುಟದ ಕೋಡೂ ಅವರದೇ ಡೇಟಾ ತಿಂದು ಬರುತ್ತಿತ್ತು. ಕೋಡನ್ನು ತುಂಡು ಮಾಡುವ ಸೌಲಭ್ಯ, ವೆಬ್ಬಿಗೆ ಕೋಡ್ ಕಟ್ಟಿಕೊಡುವ ವೆಬ್‌ಪ್ಯಾಕ್ ಎಂಬ ಸಲಕರಣೆಯಲ್ಲಿ ಮೊದಲೇ ಇತ್ತು. 2017ರ ವೆಬ್‌ಪ್ಯಾಕ್ 2 ಬೇಕಾದಾಗ ಕೋಡ್ ತರಿಸುವ ಡೈನಾಮಿಕ್ ಇಂಪೋರ್ಟ್ ಬರವಣಿಗೆಯನ್ನು ಒಪ್ಪಿಕೊಂಡಿತು, ಆಮೇಲೆ ಅದು ಇಎಸ್ 2020ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಭಾಗವೇ ಆಯಿತು. 2018ರ ಅಕ್ಟೋಬರಿನ ರಿಯಾಕ್ಟ್ 16.6, ಲೇಜಿ (ತಡವಾಗಿ ತರಿಸು) ಮತ್ತು ಸಸ್ಪೆನ್ಸ್ ಜೋಡಿಯನ್ನು ತಂದಿತು. ಇಲ್ಲಿ ಗಮನಿಸಬೇಕಾದದ್ದು ಸಸ್ಪೆನ್ಸ್: ‘ಇನ್ನೂ ಬಂದಿಲ್ಲ’ ಎಂಬ ಸ್ಥಿತಿಯಲ್ಲಿ ಏನು ಕಾಣಬೇಕೆಂದು ಆ ಮರದಲ್ಲೇ ಬರೆಯಬೇಕು, ಬರೆಯದೇ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಆಂಗ್ಯುಲರ್ ಎಂಬ ಇನ್ನೊಂದು ವೆಬ್ ಫ್ರೇಮ್‌ವರ್ಕ್ ಬಹಳ ಕಾಲ ಕಾಂಪೊನೆಂಟ್ ಫ್ಯಾಕ್ಟರಿ ರಿಸಾಲ್ವರ್ ಎಂಬ ಉದ್ದ ಸುತ್ತಿನ ದಾರಿ ಇಟ್ಟುಕೊಂಡಿತ್ತು. 2023ರ ನವೆಂಬರಿನ 17ನೇ ಆವೃತ್ತಿಯಲ್ಲಿ ‘ಡಿಫರ್’ ಎಂಬ ಬ್ಲಾಕ್ ತಂದು, ಪ್ಲೇಸ್‌ಹೋಲ್ಡರ್, ಲೋಡಿಂಗ್, ಎರರ್ ಮೂರಕ್ಕೂ ಟೆಂಪ್ಲೇಟಿನಲ್ಲೇ ಜಾಗ ಮಾಡಿತು.

ಹೊಸ ಕಾಯಿಲೆಯೂ ಹುಟ್ಟಿತು. ಸರ್ವರ್‌ಗೆ ಹೊಸ ಆವೃತ್ತಿ ಹಾಕಿ ಹಳೆಯ ತುಂಡುಗಳನ್ನು ಅಳಿಸಿದರೆ, ಬೆಳಿಗ್ಗೆಯಿಂದ ಟ್ಯಾಬ್ ತೆರೆದಿಟ್ಟವರು ಮಧ್ಯಾಹ್ನ ಒಂದು ಮೆನು ಒತ್ತಿದಾಗ ಚಂಕ್ ಲೋಡ್ ಎರರ್ ಬರುತ್ತದೆ. ಇದನ್ನು ನೆಟ್‌ವರ್ಕ್ ತೊಂದರೆ ಎಂದು ದೂರು ಪುಸ್ತಕದಲ್ಲಿ ಬರೆದು ಮುಗಿಸುವುದೇ ಹೆಚ್ಚು.

ಮೂರನೆಯ ಅಗತ್ಯ, ಅಂದರೆ ಯಾವ ಕಾಂಪೊನೆಂಟ್ ಎಂಬುದನ್ನೇ ಹೊರಗಿನ ಡೇಟಾ ತೀರ್ಮಾನಿಸುವುದು, ಇನ್ನೂ ಜಗಳದಲ್ಲೇ ಇದೆ. ಲೋಡರ್‌ಗೆ ಇಂಟರ್ನೆಟ್ ವಿಳಾಸವನ್ನೂ ಕೊಡಬಹುದು. ಆದರೆ ಕ್ಯೂಎಂಎಲ್ ಎಂದರೆ ಬರೀ ವರ್ಣನೆಯಲ್ಲ, ನಡೆಯುವ ಕೋಡ್. ನಂಬಿಕೆಯಿಲ್ಲದ ಕಡೆಯಿಂದ ಅದನ್ನು ತರಿಸಬೇಡಿ ಎಂದು ಅದರ ದಾಖಲೆಯೇ ಎಚ್ಚರಿಸುತ್ತದೆ.

ಈಚಿನ ಕ್ಯೂಟಿ ಬೇರೆ ದಿಕ್ಕಿಗೆ ಎಳೆಯುತ್ತಿದೆ. 5.15ರಲ್ಲಿ ಬಂದ ‘ರಿಕ್ವೈರ್ಡ್’ (ಕೊಡಲೇಬೇಕಾದ) ಗುಣಗಳು, ಕ್ಯೂಟಿ 6ರ ಕಂಪೈಲರ್‌ಗಳು, ಕೋಡಿನ ತಪ್ಪು ಹುಡುಕುವ ಲಿಂಟ್ ಎಲ್ಲವೂ ಯಾವ ಟೈಪ್ ಎಂದು ಮೊದಲೇ ಗೊತ್ತಿರಲಿ ಎನ್ನುತ್ತವೆ. ಬರೀ ಅಕ್ಷರಸಾಲಾಗಿ ಕೊಟ್ಟ ಫೈಲಿನ ವಿಳಾಸದ ಹಿಂದೆ ಏನಿದೆಯೆಂದು ಅವಕ್ಕೆ ಕಾಣುವುದಿಲ್ಲ. 6.5ರಿಂದ ಕ್ರಿಯೇಟ್‌ಕಾಂಪೊನೆಂಟ್‌ಗೆ ಮಾಡ್ಯೂಲಿನ ಹೆಸರು ಮತ್ತು ಟೈಪಿನ ಹೆಸರು ಕೊಡಬಹುದಾದದ್ದು ಆ ದಿಕ್ಕಿನ ಒಂದು ರಾಜಿ. ನನ್ನ ಮಟ್ಟಿಗೆ ಒಳ್ಳೆಯ ರಾಜಿ.

ಬಗೆಹರಿಯದೆ ಉಳಿದಿರುವುದು ಅರ್ಧ ತುಂಬಿದ ಫಾರಂನ ಪ್ರಶ್ನೆ. ಹರಿಹರದ ಆಪರೇಟರ್ ರೆಸಿಪಿಯ ಅಂಕಿಗಳನ್ನು ಹಾಕುತ್ತಿರುವಾಗ ಅಲಾರಂ ಬಂದು ಆ ಕಡೆ ಹೋಗಿ ಬಂದರೆ, ಲೋಡರ್ ಹಳೆಯದನ್ನು ಅಳಿಸಿರುತ್ತದೆ, ಹಾಕಿದ ಅಂಕಿಗಳೂ ಹೋಗಿರುತ್ತವೆ. ಅಲ್ಲಿ ಕೊನೆಗೆ ಅಲಾರಂ ಸ್ಕ್ರೀನನ್ನು ಸದಾ ಲೋಡ್ ಆಗಿಯೇ ಇಟ್ಟು, ಉಳಿದವನ್ನು ಲೋಡರ್ ಹಿಂದೆ ಇಟ್ಟರು. ರೆಸಿಪಿಯ ಅಂಕಿಗಳು ಸ್ಕ್ರೀನಿನಿಂದ ಹೊರಗೆ, ಸಿ++ನಲ್ಲಿ ಡೇಟಾ ಇಟ್ಟುಕೊಳ್ಳುವ ಮಾಡೆಲಿಗೆ ಹೋದವು. ವ್ಯೂ ಎಂಬ ವೆಬ್ ಫ್ರೇಮ್‌ವರ್ಕಿನ ಜಗತ್ತಿನಲ್ಲಿ ಇದಕ್ಕೆ ಕೀಪ್-ಅಲೈವ್ ಬಹಳ ಕಾಲದಿಂದ ಇದೆ. ರಿಯಾಕ್ಟ್ 2025ರ ಅಕ್ಟೋಬರಿನ 19.2ರಲ್ಲಿ ಆಕ್ಟಿವಿಟಿ ಎಂಬ ಕಾಂಪೊನೆಂಟ್ ಕೊಟ್ಟಿದೆ: ಸ್ಕ್ರೀನ್ ಮರೆಯಾದರೂ ಒಳಗಿನ ಸ್ಥಿತಿ ಉಳಿಯುತ್ತದೆ, ಎಫೆಕ್ಟ್‌ಗಳು (ಟೈಮರ್‌ನಂಥ ಹಿನ್ನೆಲೆ ಕೆಲಸಗಳು) ಮಾತ್ರ ನಿಲ್ಲುತ್ತವೆ. ಕ್ಯೂಎಂಎಲ್‌ನಲ್ಲಿ ಅಂಥದ್ದು ಬೇಕಿದ್ದರೆ, ಯಾವ ಟೈಮರ್ ನಿಲ್ಲಬೇಕು, ಯಾವ ಬೈಂಡಿಂಗ್ ಸುಮ್ಮನಿರಬೇಕು ಎಂಬುದನ್ನು ಒಂದೊಂದಾಗಿ ನಾವೇ ಬರೆದುಕೊಳ್ಳಬೇಕು.