ಕಬ್ಬೂ ಗಿಡವೇ, ಸ್ಟೀವಿಯಾನೂ ಗಿಡವೇ

"ಇದು ಗಿಡದಿಂದ ತೆಗೆದ ಸಿಹಿ, ಶುಗರ್ ಏರಲ್ಲ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ತಳಮಳವಾಗುತ್ತದೆ. ಸಕ್ಕರೆ ಮತ್ತೆಲ್ಲಿಂದ ಬಂತು? ಕಬ್ಬೂ ಗಿಡವೇ ಅಲ್ವಾ? ಕತ್ತಾಳೆ ಜಾತಿಯ ಅಗಾವೆಯ ಪಾಕವೂ ಗಿಡದ್ದೇ. ಅದರಲ್ಲಿ ಫ್ರಕ್ಟೋಸ್ ಎಂಬ ಬೇರೆ ಬಗೆಯ ಸಕ್ಕರೆ ಜಾಸ್ತಿ ಇರುವುದರಿಂದ ರಕ್ತದ ಗ್ಲೂಕೋಸ್ ಅಷ್ಟಾಗಿ ಏರುವುದಿಲ್ಲ, ನಿಜ. ಆದರೆ ಆ ಫ್ರಕ್ಟೋಸ್ ನೇರವಾಗಿ ಲಿವರ್‌ಗೆ ಹೋಗುತ್ತದೆ, ಅತಿಯಾದರೆ ಅಲ್ಲಿ ಕೊಬ್ಬಾಗುತ್ತದೆ.

ಸಿಹಿ ಎಲ್ಲಿ ಬೆಳೆಯಿತು ಎಂದು ಕೇಳಿ ಉಪಯೋಗವಿಲ್ಲ. ಕರುಳಿನಲ್ಲಿ ಎಲ್ಲಿ ಒಡೆಯುತ್ತದೆ ಎಂದು ಕೇಳಬೇಕು.

ಸ್ಟೀವಿಯಾ ಗಿಡದ ಎಲೆಗೆ ಸಿಹಿ ಕೊಡುವ ಸ್ಟೀವಿಯೋಸೈಡ್ ಅಣುವನ್ನೇ ನೋಡಿ. ಅದರಲ್ಲೂ ಗ್ಲೂಕೋಸ್ ಇದೆ, ಒಂದಲ್ಲ, ಮೂರು! ಸ್ಟೀವಿಯಾಲ್ ಎಂಬ ತಿರುಳಿಗೆ ಅವು ಅಂಟಿಕೊಂಡಿರುತ್ತವೆ. ಆ ಅಂಟನ್ನು ಬಿಡಿಸುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಹಾಗಾಗಿ ಅಣು ಇಡಿಯಾಗಿ ದೊಡ್ಡ ಕರುಳಿಗೆ ಜಾರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಗ್ಲೂಕೋಸನ್ನು ಕಿತ್ತು ತಾವೇ ತಿಂದು ಮುಗಿಸುತ್ತವೆ. ಉಳಿದ ಸ್ಟೀವಿಯಾಲ್ ರಕ್ತ ಸೇರಿ, ಲಿವರ್ ಹಾದು, ಮೂತ್ರದಲ್ಲಿ ಹೊರಬೀಳುತ್ತದೆ. ರಕ್ತಕ್ಕೆ ಗ್ಲೂಕೋಸ್ ಸೇರದಿದ್ದರೆ, ಅದನ್ನು ಜೀವಕೋಶಗಳಿಗೆ ಸೇರಿಸುವ ಇನ್ಸುಲಿನ್ನಿಗೂ ಅಲ್ಲಿ ಕೆಲಸವಿಲ್ಲ. ಎಷ್ಟು ಚೆಂದದ ಏರ್ಪಾಡು!

ಪರಾಗ್ವೆಯ ಗ್ವಾರಾನಿ ಜನ ಈ ಎಲೆಯ ಸಿಹಿಯನ್ನು ಬಹಳ ಹಿಂದೆಯೇ ಬಲ್ಲವರು, ಕಹಿ ಪೇಯಕ್ಕೆ ಬೆರೆಸುತ್ತಿದ್ದರು. ಸಸ್ಯಶಾಸ್ತ್ರಿ ಮೊಯಿಸೆಸ್ ಬೆರ್ಟೋನಿ ಅದನ್ನು ಶಾಸ್ತ್ರೀಯವಾಗಿ ವಿವರಿಸಿದ್ದು 1899ರಲ್ಲಿ. 1931ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞರು ಸ್ಟೀವಿಯೋಸೈಡನ್ನು ಬೇರ್ಪಡಿಸಿದರು. ಸಕ್ಕರೆಗಿಂತ ಇನ್ನೂರು ಮುನ್ನೂರು ಪಟ್ಟು ಸಿಹಿ, ಆದ್ದರಿಂದ ಚಿಟಿಕೆ ಸಾಕು.

ಇನ್ಸುಲಿನ್ನಿಗೆ ಕೆಲಸವಿಲ್ಲ ಎಂಬುದು ಬೊಜ್ಜು ಇರುವವರಿಗೆ ಯಾಕೆ ಮುಖ್ಯ? ಅವರಲ್ಲಿ ಅನೇಕರ ಜೀವಕೋಶಗಳು ಇನ್ಸುಲಿನ್ನಿಗೆ ಸುಲಭವಾಗಿ ಓಗೊಡುವುದಿಲ್ಲ, ಇದೇ ಇನ್ಸುಲಿನ್ ಪ್ರತಿರೋಧ. ಕಿವಿ ಮಂದವಾದವರನ್ನು ಕೂಗಿ ಕೂಗಿ ಕರೆಯುವಂತೆ ಮೇದೋಜೀರಕ ಗ್ರಂಥಿ ಜಾಸ್ತಿ ಜಾಸ್ತಿ ಇನ್ಸುಲಿನ್ ಸುರಿಸಬೇಕಾಗುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 19 ಮಂದಿ ತೆಳ್ಳಗಿನವರು, 12 ಮಂದಿ ಬೊಜ್ಜಿನವರು ಇದ್ದರು. ಸ್ಟೀವಿಯಾ ಬೆರೆಸಿದ್ದು ತಿಂದ ದಿನ ಅವರ ಶುಗರ್, ಇನ್ಸುಲಿನ್ ಎರಡೂ ಸಕ್ಕರೆಯ ದಿನಕ್ಕಿಂತ ಕೆಳಗಿದ್ದವು. ಆಮೇಲಿನ ಊಟದಲ್ಲೂ ಅವರು ಹೆಚ್ಚು ತಿನ್ನಲಿಲ್ಲ.

ಆದರೆ 2017ರಲ್ಲಿ ಸಿಂಗಪುರದ ಪ್ರಯೋಗವೊಂದು ಬೇರೆಯದನ್ನೇ ತೋರಿಸಿತು. ಸ್ಟೀವಿಯಾ ಪಾನೀಯ ಕುಡಿದ ಆರೋಗ್ಯವಂತ ಗಂಡಸರು ಮುಂದಿನ ಊಟದಲ್ಲಿ ಜಾಸ್ತಿ ತಿಂದು ಲೆಕ್ಕ ಸರಿಮಾಡಿಕೊಂಡರು. ಮೂರು ಗಂಟೆಯ ಒಟ್ಟು ಗ್ಲೂಕೋಸ್, ಇನ್ಸುಲಿನ್ ಸಕ್ಕರೆಯಷ್ಟೇ ಬಂತು. ಅಂದರೆ ಸ್ಟೀವಿಯಾ ಇನ್ಸುಲಿನ್ ಪ್ರತಿರೋಧಕ್ಕೆ ಮದ್ದು ಎಂದು ಹೇಳುವಂತಿಲ್ಲ. ಸಕ್ಕರೆಯ ಜಾಗದಲ್ಲಿ ಕೂತರೆ, ಆ ಉಳಿತಾಯ ಊಟದಲ್ಲಿ ಕರಗದಿದ್ದರೆ, ಅಷ್ಟು ಲಾಭ. ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟಾಗ ಸ್ಟೀವಿಯಾನೂ ಆ ಪಟ್ಟಿಯಲ್ಲಿತ್ತು.

ಪೊಟ್ಟಣ ಕೊಳ್ಳುವವರು ಹಿಂಬದಿಯ ಸಣ್ಣ ಅಕ್ಷರ ಓದಲೇಬೇಕು. ಚಿಟಿಕೆ ಸ್ಟೀವಿಯಾವನ್ನು ಚಮಚದಷ್ಟು ಮಾಡಲು ಕೆಲವು ಪುಡಿಗಳಿಗೆ ಮಾಲ್ಟೊಡೆಕ್ಸ್ಟ್ರಿನ್ ಅಥವಾ ಡೆಕ್ಸ್ಟ್ರೋಸ್ ಬೆರೆಸಿರುತ್ತಾರೆ. ಡೆಕ್ಸ್ಟ್ರೋಸ್ ಅಂದರೆ ಸಾಕ್ಷಾತ್ ಗ್ಲೂಕೋಸ್. ಮಾಲ್ಟೊಡೆಕ್ಸ್ಟ್ರಿನ್ ಕೂಡ ಸಣ್ಣ ಕರುಳಿನಲ್ಲೇ ಸರಸರನೆ ಒಡೆದು ಗ್ಲೂಕೋಸ್ ಆಗುತ್ತದೆ.