ಬರೆಯಲು ಏನೂ ಹೊಳೆಯದಾಗ: ತಾಳೆಯಾಗದ ಸಂಗತಿಗಳನ್ನು ಹುಡುಕುವುದು

ನುಡಿಚಿತ್ರಕ್ಕೆ, ಅಂದರೆ ಪತ್ರಿಕೆಯ ಫೀಚರ್ ಲೇಖನಕ್ಕೆ, ವಿಷಯ ಸಿಗುತ್ತಿಲ್ಲ ಎನ್ನುವವರ ವಹಿಯಲ್ಲಿ ಒಂದು ಪಟ್ಟಿ ಮಾತ್ರ ಇದ್ದೇ ಇರುತ್ತದೆ: ಧಾರವಾಡ ಪೇಡೆ, ಬ್ಯಾಡಗಿ ಮೆಣಸಿನಕಾಯಿ, ಲಕ್ಕುಂಡಿಯ ಗುಡಿಗಳು, ಉಣಕಲ್ ಕೆರೆ. ಎಲ್ಲವೂ ಒಳ್ಳೆಯ ಹೆಸರುಗಳೇ. ಬರೆಯಲು ಕುಳಿತರೆ ಪೇಡೆ ಎಷ್ಟು ರುಚಿ, ಗುಡಿ ಎಷ್ಟು ಸೊಗಸು ಎನ್ನುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಹೆಸರಿಗೆ ಒಂದು ಪ್ರಶ್ನೆ ಸೇರದಿದ್ದರೆ ಲೇಖನ ಮುಂದೆ ಸಾಗುವುದಿಲ್ಲ. ಎರಡು ಸಂಗತಿಗಳು ಒಂದಕ್ಕೊಂದು ತಾಳೆಯಾಗದ ಕಡೆ ಪ್ರಶ್ನೆ ತಾನಾಗಿ ಏಳುತ್ತದೆ. ಪತ್ರಿಕೋದ್ಯಮದ ಪರೀಕ್ಷೆಗೆ ಓದುವಾಗ 'ಲೇಖನದ ಕೋನ' ಎಂದು ಬರೆದುಕೊಳ್ಳುತ್ತೇವಲ್ಲ, ಅದನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ.

ಗಾದೆ ಮತ್ತು ಹೊಲ

'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎಂಬ ಗಾದೆ ಎಲ್ಲರಿಗೂ ಬಾಯಿಪಾಠ. ರೋಹಿಣಿ ಮಳೆ ಮೇ 25ರ ಸುಮಾರಿಗೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಹಾವೇರಿ ಜಿಲ್ಲೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಬಿತ್ತನೆ ಬೀಜದ ಅಂಗಡಿಗಳ ಮುಂದೆ ನಿಂತವರಲ್ಲಿ ಹೆಚ್ಚಿನವರು ಕೇಳುವುದು ಗೋವಿನಜೋಳ. ಧಾರವಾಡ, ಗದಗ ಕಡೆಯ ಎರೆ ಹೊಲಗಳಲ್ಲಿ ಮುಂಗಾರಿಗೆ ಹೆಸರುಕಾಳು ಬಿತ್ತುತ್ತಾರೆ. ರೊಟ್ಟಿಗೆ ಬೇಕಾದ ಬಿಳಿಜೋಳವನ್ನು ಬಿತ್ತುವುದು ಹಿಂಗಾರಿಗೆ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ.

ಹಾಗಾದರೆ ಗಾದೆಯಲ್ಲಿರುವ ಜೋಳ ಎಲ್ಲಿ ಹೋಯಿತು? ಮುಂಗಾರಿ ಜೋಳವನ್ನು ಬಿಟ್ಟ ಮನೆಗಳು ಅದನ್ನು ಏಕೆ ಬಿಟ್ಟವು: ಬೆಲೆಗೋ, ಹಕ್ಕಿ ಕಾಯುವವರು ಇಲ್ಲವೆಂದೋ, ಕೊಯ್ಯುವ ಆಳು ಸಿಗದೆಯೋ? ಜೋಳದ ಜೊತೆಗೆ ಬರುತ್ತಿದ್ದ ಕಣಿಕೆ ಇಲ್ಲವಾದ ಮೇಲೆ ಎತ್ತುಗಳಿಗೆ ಏನು ಹಾಕುತ್ತಾರೆ, ಎತ್ತುಗಳೇ ಉಳಿದಿವೆಯೇ? ಗೋವಿನಜೋಳದ ಬಹುಪಾಲು ಕೋಳಿ ಆಹಾರಕ್ಕೆ ಮತ್ತು ಪಿಷ್ಟದ ಕಾರ್ಖಾನೆಗಳಿಗೆ ಹೋಗುತ್ತದೆ. ಹೊಲದ ತುಂಬ ಬೆಳೆ ನಿಂತಿರುವಾಗಲೂ ರೊಟ್ಟಿಯ ಹಿಟ್ಟಿಗೆ ಪೇಟೆಯಲ್ಲಿ ಜೋಳ ಕೊಳ್ಳುವ ರೈತನ ಮನೆ ಸಿಕ್ಕರೆ ಲೇಖನದ ಮೊದಲ ಪ್ಯಾರಾ ಅಲ್ಲಿಯೇ ಇದೆ.

ಹದಿನೈದು ದಿನಕ್ಕೊಮ್ಮೆ ಲೇಖನ ಒಪ್ಪಿಸಬೇಕಾದವರಿಗೆ ಪಂಚಾಂಗ ಬಹಳ ಉಪಕಾರಿ. ಒಂದೊಂದು ಮಳೆ ನಕ್ಷತ್ರಕ್ಕೂ 13–14 ದಿನ. ಪ್ರತಿ ಮಳೆಗೂ ಒಂದೆರಡು ಗಾದೆ ಇದ್ದೇ ಇರುತ್ತದೆ. ಗಾದೆಯನ್ನು ಲೇಖನದ ಆರಂಭಕ್ಕೆ ಅಲಂಕಾರವಾಗಿ ಅಂಟಿಸುವ ಅಭ್ಯಾಸ ನನಗೆ ಹಿಡಿಸದು. ಅದನ್ನು ಹೊಲಕ್ಕೆ ಒಯ್ದು ಇಂದಿಗೂ ನಡೆಯುತ್ತದೆಯೇ ಎಂದು ರೈತರನ್ನು ಕೇಳಿದರೆ ಮಾತ್ರ ಅದರಿಂದ ಕೆಲಸ ಆಗುತ್ತದೆ.

ಹೆಸರು ಮತ್ತು ಆವಕ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಸೂಚಕದ ಮಾನ್ಯತೆ) ಸಿಕ್ಕಿತು. ಖಾರ ಕಡಿಮೆ, ಬಣ್ಣ ಗಾಢ, ಸಿಪ್ಪೆ ಸುಕ್ಕು ಎಂಬುದನ್ನು ಎಲ್ಲರೂ ಬರೆದಾಗಿದೆ. ಈಗ ಪತ್ರಿಕೆಯ ಧಾರಣೆ ಪಟ್ಟಿ ಹಿಡಿದುಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೋಗಿ. ಅಲ್ಲಿಗೆ ಬರುವ ಚೀಲಗಳು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಬರುತ್ತವೆ. ಊರಿನ ಹೆಸರು ಹೊತ್ತ ಕಾಯಿ ಒಂದು, ಆ ಊರಿನಲ್ಲಿ ಮಾರಾಟವಾಗುವ ಕಾಯಿ ಹಲವು ಊರುಗಳದ್ದು. ದೂರದ ರೈತ ಲಾರಿ ಬಾಡಿಗೆ ಕೊಟ್ಟು ಇಲ್ಲಿಗೇ ಏಕೆ ಬರುತ್ತಾನೆ? ಕಾಯಿಯನ್ನು ಕಡ್ಡಿ, ಡಬ್ಬಿ ಎಂಬ ಬಗೆಗಳಾಗಿ ವಿಂಗಡಿಸುವವರು ಯಾರು? ಬಣ್ಣಕ್ಕಾಗಿ ಕಾಯಿಯ ಸತ್ವ ತೆಗೆಯುವ ಕಾರ್ಖಾನೆ ಎಂಥ ಕಾಯಿಯನ್ನು ಕೊಳ್ಳುತ್ತದೆ, ಮಸಾಲೆ ಪುಡಿ ಮಾಡುವವರು ಎಂಥದ್ದನ್ನು? ಹಮಾಲರು, ದಲಾಲರು, ಕಾಯಿಯ ತುಂಬು (ತೊಟ್ಟು) ಬಿಡಿಸುವ ಹೆಂಗಸರು, ಶೀತಲಗೃಹದ ಮಾಲೀಕರು, ಒಬ್ಬೊಬ್ಬರಿಂದ ಒಂದೊಂದು ಉತ್ತರ ಬರುತ್ತದೆ.

ಪೇಡೆಯ ಬಗ್ಗೆ ಇನ್ನೊಂದು ಲೇಖನ ಬೇಡವೆಂದೇ ನನ್ನ ಅಭಿಪ್ರಾಯ. ಎಮ್ಮೆಯ ಬಗ್ಗೆ ಬರೆಯಿರಿ. ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿ ಎಂಬ ಮಾನ್ಯತೆ ದೊರೆತದ್ದು 2021ರಲ್ಲಿ. ಪೇಡೆಗೆ ಜಿಐ ಟ್ಯಾಗ್ ಅದಕ್ಕೂ ಬಹಳ ಮೊದಲೇ ಬಂದಿತ್ತು. ಸಿಹಿಗೆ ಮೊದಲು ಮನ್ನಣೆ, ಹಾಲು ಕೊಟ್ಟವಳಿಗೆ ಆಮೇಲೆ.

ದಾಖಲೆ ಮತ್ತು ಬಳಕೆ

ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್ ಉದ್ದವಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಜಗತ್ತಿನಲ್ಲೇ ಉದ್ದದ್ದು ಎಂದ ಮೇಲೆ ಬರೆಯಲು ಏನುಳಿಯಿತು? ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಧಾರಣ ನಡಿಗೆಯಲ್ಲಿ ಇಪ್ಪತ್ತು ನಿಮಿಷ ಬೇಕು. ಮೊಣಕಾಲು ನೋವಿನ ಅಜ್ಜಿಯ ಬೋಗಿ ದೂರದಲ್ಲಿ ನಿಂತರೆ ಅವರು ಏನು ಮಾಡುತ್ತಾರೆ, ಕುಡಿಯುವ ನೀರಿನ ನಲ್ಲಿಗಳ ನಡುವೆ ಎಷ್ಟು ಹೆಜ್ಜೆ, ಚಹಾ ಮಾರುವವರು ತಮ್ಮ ತಮ್ಮಲ್ಲಿ ಜಾಗವನ್ನು ಹೇಗೆ ಹಂಚಿಕೊಂಡಿದ್ದಾರೆ? ಇವಕ್ಕೆ ಉತ್ತರ ಹುಡುಕಲು ಅಲ್ಲಿ ನಡೆದೇ ನೋಡಬೇಕು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜದ ಬಗ್ಗೆ ಆಗಸ್ಟ್‌ನಲ್ಲಿ ಎಲ್ಲರೂ ಬರೆಯುತ್ತಾರೆ. ಮಾರ್ಚ್‌ನಲ್ಲಿ ಹೋಗಿ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಧ್ವಜಗಳಿಗೂ ಅನುಮತಿ ಸಿಕ್ಕಿತು. ಮನೆಮನೆಯಲ್ಲಿ ಧ್ವಜ ಹಾರಿದ ವರ್ಷಗಳಲ್ಲಿ ಖಾದಿಯ ಬೇಡಿಕೆ ಏರಿತೋ ಇಳಿಯಿತೋ ಎಂದು ಹೊಲಿಯುವ ಹೆಂಗಸರನ್ನೇ ಕೇಳಿ.

ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಛಾಯಾಗ್ರಾಹಕರನ್ನು ಬಿಟ್ಟು ಹೊಲದವರನ್ನು ಮಾತನಾಡಿಸಿದರೆ ಸಾಕು.

ಹೊಳೆದದ್ದು ಗಟ್ಟಿಯೋ ಪೊಳ್ಳೋ ಎಂದು ನೋಡಲು ನಾನು ಎರಡು ಸಾಲು ಬರೆಯುತ್ತೇನೆ: ಯಾರನ್ನು ಕೇಳಬೇಕು, ಯಾವ ಕಾಗದ ನೋಡಬೇಕು. ಮೊದಲ ಸಾಲಿಗೆ 'ತಜ್ಞರು' ಎಂದಷ್ಟೇ ಬಂದರೆ ಪ್ರಶ್ನೆ ಇನ್ನೂ ಮಬ್ಬಾಗಿದೆ ಎಂದರ್ಥ. ಎರಡನೆಯದಕ್ಕೆ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಮುಂದಿನ ವಾರದ ಲೇಖನಕ್ಕೆ ಅದು ಒದಗುವುದಿಲ್ಲ. ಆದ್ದರಿಂದ ವಿಷಯ ಕೈತುಂಬ ಇರುವಾಗಲೇ ಒಂದೆರಡು ಅರ್ಜಿ ಹಾಕಿಡಿ.