ಸ್ಟಾಟಿಕ್ ಲಿಂಕಿಂಗ್, ಡೈನಮಿಕ್ ಲಿಂಕಿಂಗ್: ಅದೇ ಪೈಥಾನ್ ಒಂದು ಕಡೆ ಓಡುತ್ತೆ, ಇನ್ನೊಂದು ಕಡೆ ಯಾಕೆ ಎಳೆಯುತ್ತೆ?

ಮೂಡಿಗೆರೆ ಕಡೆ ನಮ್ಮ ಮಾವನ ತೋಟದಲ್ಲಿ ದಿನಾ ಬೆಳಿಗ್ಗೆ ಮಳೆ ಇಷ್ಟು ಇಂಚು ಇಷ್ಟು ಸೆಂಟು ಅಂತ ಬರೆದಿಡ್ತಾರಲ್ಲ, ಆ ಹಳೇ ಪುಸ್ತಕಗಳನ್ನೆಲ್ಲ ಟೈಪ್ ಮಾಡಿ ಲೆಕ್ಕ ಹಾಕೋಕೆ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆ. ಮನೇಲಿ ಒಂದೇ ಮಾಡೆಲ್‌ನ ಎರಡು ಲ್ಯಾಪ್‌ಟಾಪು, ಲಿನಕ್ಸ್ ಮಾತ್ರ ಬೇರೆ ಬೇರೆ. ಒಂದರಲ್ಲಿ ಬೇಗ ಮುಗಿಯುತ್ತೆ, ಇನ್ನೊಂದರಲ್ಲಿ ಎಳೆಯುತ್ತೆ. ಒಂದು ಪ್ರೋಗ್ರಾಮು ಹೊರಗಿನ ಯಾವ ಯಾವ ಲೈಬ್ರರಿಗಳನ್ನ, ಅಂದ್ರೆ ರೆಡಿ ಕೋಡಿನ ಫೈಲುಗಳನ್ನ, ಬಳಸುತ್ತೆ ಅಂತ ತೋರಿಸೋ ಎಲ್‌ಡಿಡಿ ಅನ್ನೋ ಕಮಾಂಡನ್ನ ಎರಡರಲ್ಲೂ ಪೈಥಾನ್ ಮೇಲೆ ಓಡಿಸಿ ನೋಡ್ದೆ, ನಿಧಾನದ್ದರಲ್ಲಿ ಲಿಬ್‌ಪೈಥಾನ್ ಅಂತ ಒಂದು ಸಾಲು ಜಾಸ್ತಿ ಇತ್ತು.

ಪ್ರೋಗ್ರಾಮಿಗೆ ಬೇಕಾದ ಲೈಬ್ರರಿ ಕೋಡನ್ನ ಬಿಲ್ಡ್ ಮಾಡುವಾಗಲೇ ಅದರ ಹೊಟ್ಟೆಯೊಳಗೆ ಹಾಕಿಬಿಟ್ರೆ ಸ್ಟಾಟಿಕ್. ಹೊರಗೆ ಬೇರೆ ಫೈಲಲ್ಲಿಟ್ಟು ಓಡುವಾಗ ಜೋಡಿಸ್ಕೊಂಡ್ರೆ ಡೈನಮಿಕ್. ಉಬುಂಟು, ಡೆಬಿಯನ್ ಅನ್ನೋ ಲಿನಕ್ಸುಗಳ ಕಡೆ ಪೈಥಾನ್ ಇಂಟರ್ಪ್ರಿಟರ್, ಅಂದ್ರೆ ಸ್ಕ್ರಿಪ್ಟನ್ನ ಓದಿ ಓಡಿಸೋ ಪ್ರೋಗ್ರಾಮು, ಪೂರ್ತಿ ಒಂದೇ ಫೈಲೊಳಗೆ ಇರುತ್ತೆ, ಫೆಡೋರಾ ಅನ್ನೋ ಲಿನಕ್ಸಲ್ಲಿ ಅದರ ಕೋಡು ಲಿಬ್‌ಪೈಥಾನ್ ಅಂತ ಬೇರೆ ಫೈಲಲ್ಲಿ ಇರುತ್ತೆ.

ಡೈನಮಿಕ್ ಅಂದ್ರೆ ಶುರುವಾಗುವಾಗ ಲೈಬ್ರರಿ ಹುಡುಕೋಕೆ ಟೈಮ್ ತಗೊಳುತ್ತೆ, ಅಷ್ಟೇ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ. ನಿಜವಾದ ನಷ್ಟ ಅದಲ್ಲ. ಮನೆಯವರೇ ಸೇರಿ ಕಾಫಿ ಹಣ್ಣು ಕುಯ್ಯುವಾಗ ಪಕ್ಕದ ಗಿಡದಲ್ಲಿರೋದು ತಮ್ಮ ಅಂತ ಗೊತ್ತು, ಕೈ ಚಾಚಿ ಬುಟ್ಟಿ ಕೊಟ್ಟಾಯ್ತು. ದೊಡ್ಡ ಎಸ್ಟೇಟಲ್ಲಿ ಒಂದು ವಿಚಿತ್ರ ರೂಲ್ ಇದೆ ಅಂತ ಇಟ್ಕೊಳಿ, ಪಕ್ಕದಲ್ಲಿ ನಿಂತಿರೋನಿಗೆ ಬುಟ್ಟಿ ಕೊಡೋಕೂ ಪ್ರತೀ ಸಲ ರೈಟರ್ ಹತ್ರ ಹಾಜರಿ ಪುಸ್ತಕ ನೋಡ್ಕೊಂಡೇ ಬರ್ಬೇಕು, ಯಾಕಂದ್ರೆ ಅವನ ಬದಲಿಗೆ ಬೇರೆ ಆಳನ್ನ ಹಾಕಿರಬಹುದು. ಲಿಬ್‌ಪೈಥಾನ್ ಒಳಗೆ ಆಗ್ತಿದ್ದದ್ದು ಇದೇ. ತನ್ನದೇ ಫಂಕ್ಷನ್ನನ್ನ ಕರೆಯೋಕೂ ಪಿಎಲ್‌ಟಿ ಅನ್ನೋ ಟೇಬಲ್ ಮೇಲೆ ಹಾದು ಹೋಗ್ಬೇಕು, ಎಲ್‌ಡಿ ಪ್ರಿಲೋಡ್ ಅನ್ನೋ ಸೆಟ್ಟಿಂಗ್ ಬಳಸಿ ಆ ಫಂಕ್ಷನ್ ಜಾಗಕ್ಕೆ ಯಾರಾದ್ರೂ ಬೇರೇದನ್ನ ಕೂರಿಸಬಹುದು ಅಂತ. ಇದಕ್ಕೆ ಸೆಮ್ಯಾಂಟಿಕ್ ಇಂಟರ್‌ಪೊಸಿಷನ್ ಅಂತಾರೆ. ಇದರಿಂದ ಕೋಡನ್ನ ಮಷೀನ್ ಭಾಷೆಗೆ ಬದಲಾಯಿಸೋ ಕಂಪೈಲರಿಗೂ ಕೈ ಕಟ್ಟಿಹಾಕ್ದಂಗೆ, ಚಿಕ್ಕ ಫಂಕ್ಷನ್ನನ್ನ ಕರೆದ ಜಾಗದಲ್ಲೇ ಬಿಚ್ಚಿ ಹಾಕೋ ಇನ್‌ಲೈನಿಂಗ್ ಮಾಡೋಹಾಗಿಲ್ಲ. ಇಂಟರ್ಪ್ರಿಟರ್ ಅಂದ್ರೆ ಸಣ್ಣ ಸಣ್ಣ ಫಂಕ್ಷನ್ನುಗಳನ್ನ ಕೋಟಿಗಟ್ಟಲೆ ಸಲ ಕರೀತಾ ಇರೋ ಲೂಪು ತಾನೇ, ಹನಿ ಹನಿಯೇ ಹಳ್ಳ.

ಇದಕ್ಕೆ ಫೆಡೋರಾದವರು ಮೊದಲು ಸ್ಟಾಟಿಕ್ಕೇ ಮಾಡೋಣ ಅಂತ ಹೊರಟಿದ್ರು. ಆಮೇಲೆ ಲೈಬ್ರರಿ ಹೊರಗೇ ಇರಲಿ, ಆ ರೂಲನ್ನ ಮಾತ್ರ ತೆಗೆಯೋಣ ಅಂತ 2020ರ ಫೆಡೋರಾ 32ರಲ್ಲಿ ಜಿಸಿಸಿ ಅನ್ನೋ ಕಂಪೈಲರಿಗೆ ಒಂದು ಫ್ಲಾಗ್, ಅಂದ್ರೆ ಬಿಲ್ಡ್ ಮಾಡುವಾಗಿನ ಸೂಚನೆ, ಕೊಟ್ರು, ಕೆಲಸ ನೋಡ್ಕೊಂಡು 5ರಿಂದ 27 ಪರ್ಸೆಂಟ್ ಸ್ಪೀಡ್ ಸಿಕ್ತು. ಪೈಥಾನ್ 3.10ರಲ್ಲಿ ಮೂಲದಲ್ಲೇ ಅದನ್ನ ಸೇರಿಸಿದಾರೆ. ನನಗೆ ಇದೇ ಸರಿ ಅನ್ಸುತ್ತೆ, ಯಾಕಂದ್ರೆ ಪೈಥಾನನ್ನ ತಮ್ಮೊಳಗೆ ಇಟ್ಕೊಳೋ ಬೇರೆ ಪ್ರೋಗ್ರಾಮುಗಳಿಗೆ ಆ ಹೊರಗಿನ ಫೈಲ್ ಬೇಕು, ಸೆಕ್ಯುರಿಟಿ ತೂತು ಸಿಕ್ಕಿದ್ರೂ ಒಂದೇ ಕಡೆ ತೇಪೆ ಹಾಕಿದ್ರೆ ಸಾಕು.

ನಿಧಾನದ ಲ್ಯಾಪ್‌ಟಾಪಲ್ಲಿದ್ದದ್ದು 3.8, ಈ ಫ್ಲಾಗ್ ಇಲ್ಲದೆ ಬಿಲ್ಡ್ ಆಗಿದ್ದು. ಹೊಸದು ಹಾಕೋಕೆ ಸೋಮಾರಿತನ, ಮಳೆ ಲೆಕ್ಕದ ಲೂಪನ್ನ ನಂಪೈ ಅನ್ನೋ ಲೆಕ್ಕದ ಲೈಬ್ರರಿಗೆ ಬದಲಾಯಿಸ್ದೆ. ಈಗ ಎರಡೂ ಸುಮಾರು ಒಂದೇ ಹೊತ್ತಿಗೆ ಮುಗಿಸ್ತವೆ, ಆ ಲೂಪು ಲಿಬ್‌ಪೈಥಾನ್ ಒಳಗೆ ತಿರುಗೋದೇ ಇಲ್ಲವಲ್ಲ.